ಹಳೇ ಕಾರು ದಾನ ಕೊಟ್ಟರೆ ನಿಜವಾಗಿ ಒಂದು ಕುಟುಂಬಕ್ಕೆ ಸಿಗುತ್ತದಾ? ಅಮೆರಿಕದಲ್ಲಿ ಇರುವವರು ಹೇಳಿ

ತುಮಕೂರು_ಟು_ಮೇರಿಲ್ಯಾಂಡ್ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಾವು ಇರುವುದು ಮೇರಿಲ್ಯಾಂಡ್‌ನಲ್ಲಿ. ನಮ್ಮ ಹತ್ತಿರ 2010ರ ಟೊಯೋಟಾ ಕ್ಯಾಮ್ರಿ ಇದೆ. 1,40,000 ಮೈಲಿ ಓಡಿದೆ. ಇವತ್ತಿಗೂ ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ, ಎಣ್ಣೆ ಸೋರಿಕೆ ಇಲ್ಲ, ಎಸಿ ಚೆನ್ನಾಗಿದೆ. ಈಗ ಮನೆಗೆ ಇನ್ನೊಂದು ಕಾರು ಬಂದಿದೆ, ಇದನ್ನು ನಿಲ್ಲಿಸಲು ಜಾಗ ಇಲ್ಲ. ಡೀಲರ್ ಹೇಳಿದ ಬೆಲೆ ಕೇಳಿ ಬೇಜಾರಾಯಿತು, ಅಷ್ಟಕ್ಕೆ ಕೊಡುವ ಬದಲು ಯಾರಿಗಾದರೂ ಉಪಯೋಗ ಆಗಲಿ ಅಂತ ನಮ್ಮ ಯಜಮಾನರು ಹೇಳಿದರು, ನನಗೂ ಸರಿ ಅನಿಸಿತು.

ನಮ್ಮ ಆಫೀಸಿಗೆ ಸಂಜೆ ಕ್ಲೀನಿಂಗ್‌ಗೆ ಬರುವ ಒಬ್ಬರು ಇದ್ದಾರೆ. ಎರಡು ಬಸ್ ಬದಲಿಸಿ ಬರುತ್ತಾರೆ. ಕೊನೆ ಬಸ್ ಹಿಡಿಯಬೇಕು ಅಂತ ದಿನಾ ಗಡಿಯಾರ ನೋಡಿಕೊಂಡೇ ಕೆಲಸ ಮಾಡುತ್ತಾರೆ. ಅಂಥವರ ಮನೆಗೆ ಈ ಕಾರು ಹೋಗಬೇಕು ಅಂತ ನನ್ನ ಆಸೆ.

ರೇಡಿಯೋದಲ್ಲಿ ಜಾಹೀರಾತು ಕೇಳಿ ಒಂದು ಕಡೆ ಫೋನ್ ಮಾಡಿದೆ. ನಾಳೆನೇ ಟೋ ಟ್ರಕ್ ಕಳಿಸುತ್ತೇವೆ ಅಂದರು. ಕಾರು ಯಾರಿಗೆ ಸಿಗುತ್ತದೆ ಅಂತ ಕೇಳಿದರೆ, ಅದು ಹರಾಜಿಗೆ ಹೋಗುತ್ತದೆ, ಬಂದ ದುಡ್ಡು ಒಳ್ಳೆ ಕೆಲಸಕ್ಕೆ ಹೋಗುತ್ತದೆ ಅಂದರು. ಅಲ್ಲಿಗೆ ನಿಲ್ಲಿಸಿದೆ. ಕಾರನ್ನೇ ಕುಟುಂಬಕ್ಕೆ ಕೊಡುವ ಸಂಸ್ಥೆಗಳು ಇವೆಯಾ? ಟ್ಯಾಕ್ಸ್ ಲೆಕ್ಕ ಹೇಗೆ? ಕೊಡುವ ಮೊದಲು ನಾವು ಏನೇನು ಮಾಡಬೇಕು? ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.


ಶನಿವಾರದ_ಗ್ಯಾರೇಜ್:

ಮೇಡಂ, ನಿಮಗೆ ಬಂದ ಅನುಮಾನ ಸರಿಯಾಗಿಯೇ ಇದೆ. ಕಾರು ದಾನದ ಜಾಹೀರಾತುಗಳಲ್ಲಿ ಹೆಚ್ಚಿನವು ನಡೆಯುವುದು ಹೀಗೇ. ಕಾರು ಎತ್ತಿಕೊಂಡು ಹೋಗುತ್ತಾರೆ, ಹರಾಜು ಹಾಕುತ್ತಾರೆ, ಮಧ್ಯದಲ್ಲಿ ಕೆಲಸ ಮಾಡಿದ ಕಂಪನಿ ತನ್ನ ಪಾಲು ಹಿಡಿದುಕೊಳ್ಳುತ್ತದೆ, ಉಳಿದದ್ದು ಸಂಸ್ಥೆಗೆ ಹೋಗುತ್ತದೆ. ಇದು ಮೋಸ ಅಂತ ನಾನು ಹೇಳುವುದಿಲ್ಲ. ಗೇರ್‌ಬಾಕ್ಸ್ ಹೋಗಿ ಅಂಗಳದಲ್ಲಿ ನಿಂತಿರುವ ಕಾರಿಗೆ ಅದೇ ಸರಿಯಾದ ದಾರಿ. ಆದರೆ ನಿಮ್ಮ ಕ್ಯಾಮ್ರಿ ಹಾಗಿಲ್ಲ ಅಲ್ವಾ? ಅದರಲ್ಲಿ ಇನ್ನೂ ವರ್ಷಗಟ್ಟಲೆ ಓಟ ಬಾಕಿ ಇದೆ. ಅದನ್ನು ಹರಾಜಿಗೆ ಬಿಡಬೇಡಿ.

ಕಾರನ್ನೇ ರಿಪೇರಿ ಮಾಡಿ ಕುಟುಂಬಕ್ಕೆ ಕೊಡುವ ಸಂಸ್ಥೆಗಳು ಕಡಿಮೆ, ಆದರೆ ಇವೆ. ಅದರಲ್ಲಿ ದೊಡ್ಡದೊಂದು ನಿಮ್ಮ ರಾಜ್ಯದಲ್ಲೇ ಇದೆ. ಬಾಲ್ಟಿಮೋರ್ ಹತ್ತಿರದ ವೆಹಿಕಲ್ಸ್ ಫಾರ್ ಚೇಂಜ್, 1999ರಿಂದ ನಡೆಯುತ್ತಿದೆ. ಅವರ ಗ್ಯಾರೇಜಿನಲ್ಲಿ ಜೈಲಿನಿಂದ ಹೊರಗೆ ಬಂದವರಿಗೆ ಮೆಕ್ಯಾನಿಕ್ ಕೆಲಸ ಕಲಿಸುತ್ತಾರೆ, ದಾನ ಬಂದ ಕಾರುಗಳ ಮೇಲೇ ಅವರ ಕೈ ಪಳಗುತ್ತದೆ. ಅಂದರೆ ಒಂದು ಕಾರಿನಿಂದ ಇಬ್ಬರಿಗೆ ದಾರಿ ಆಗುತ್ತದೆ. ನನಗೆ ತುಂಬಾ ಇಷ್ಟವಾದ ವ್ಯವಸ್ಥೆ ಇದು. ವರ್ಮಾಂಟ್‌ನ ಬರ್ಲಿಂಗ್‌ಟನ್‌ನಲ್ಲಿ ಗುಡ್ ನ್ಯೂಸ್ ಗ್ಯಾರೇಜ್ ಇದೆ, ಅದು 1996ರಲ್ಲಿ ಶುರುವಾದದ್ದು. ಆ ವರ್ಷವೇ ಅಮೆರಿಕದಲ್ಲಿ ವೆಲ್‌ಫೇರ್ ಕಾನೂನು ಬದಲಾಯಿತು. ಸರ್ಕಾರದ ಸಹಾಯ ಬೇಕಾದರೆ ಕೆಲಸಕ್ಕೆ ಹೋಗಲೇಬೇಕು ಅಂತ ಆಯಿತು. ಸರಿ, ಹೋಗುತ್ತೇವೆ, ಆದರೆ ಹೋಗುವುದು ಹೇಗೆ? ಬಸ್ ಇಲ್ಲ, ಕಾರಿಗೆ ದುಡ್ಡಿಲ್ಲ. ಈ ಥರದ ಕಾರ್ಯಕ್ರಮಗಳು ಆ ಸಮಯದಲ್ಲಿ ಅಲ್ಲಲ್ಲಿ ಹುಟ್ಟಿದ್ದಕ್ಕೆ ಅದು ದೊಡ್ಡ ಕಾರಣ.

ಕುಟುಂಬದವರು ಸುಮ್ನೆ ಬಂದು ಕಾರು ತೆಗೆದುಕೊಂಡು ಹೋಗಲು ಆಗುವುದಿಲ್ಲ. ಸಾಮಾನ್ಯವಾಗಿ ಒಂದು ಸಮಾಜ ಸೇವಾ ಕಚೇರಿಯೋ ಸಂಸ್ಥೆಯೋ ಹೆಸರು ಸೂಚಿಸಬೇಕು. ಕೈಯಲ್ಲಿ ಕೆಲಸ ಇರಬೇಕು, ಇಲ್ಲವೇ ಕೆಲಸಕ್ಕೆ ಬನ್ನಿ ಅನ್ನುವ ಪತ್ರ ಇರಬೇಕು. ಲೈಸೆನ್ಸ್ ಇರಬೇಕು. ಇನ್ಶೂರೆನ್ಸ್ ಕಟ್ಟುವ ಶಕ್ತಿ ಇದೆಯಾ ಅಂತ ನೋಡುತ್ತಾರೆ. ಎಷ್ಟೋ ಕಡೆ ಕಾರು ಪೂರ್ತಿ ಉಚಿತವಲ್ಲ, ಒಂದು ಸಣ್ಣ ಮೊತ್ತ ಕಟ್ಟಬೇಕು, ಅದನ್ನು ಕಡಿಮೆ ಬಡ್ಡಿಯ ಸಾಲವಾಗಿ ತಿಂಗಳಿಗೆ ಇಷ್ಟು ಅಂತ ತೀರಿಸಬಹುದು. ಬಡವರ ಹತ್ತಿರ ದುಡ್ಡು ಯಾಕೆ ಕೇಳುತ್ತಾರೆ ಅಂತ ಕೆಲವರಿಗೆ ಸಿಟ್ಟು ಬರುತ್ತದೆ. ಆ ಕಂತನ್ನು ಸರಿಯಾಗಿ ಕಟ್ಟಿದರೆ ಅವರ ಕ್ರೆಡಿಟ್ ಸ್ಕೋರ್ ಏರುತ್ತದೆ, ಮುಂದೆ ಮನೆ ಬಾಡಿಗೆಗೆ ಹಿಡಿಯುವಾಗ ಅದು ಕೆಲಸಕ್ಕೆ ಬರುತ್ತದೆ. ಹಾಗಾಗಿ ನನಗೆ ಇದರಲ್ಲಿ ತಪ್ಪು ಕಾಣುವುದಿಲ್ಲ.

ನಾನು ಓಹಾಯೋದಲ್ಲಿ ಇಂಥದ್ದೇ ಒಂದು ಚಿಕ್ಕ ಗ್ಯಾರೇಜಿಗೆ ಶನಿವಾರ ಹೋಗಿ ಕೈಜೋಡಿಸುತ್ತೇನೆ. ಬೇರೆ ಏನಾದರೂ ಬೇಕಿದ್ದರೆ ಕೇಳಿ, ಗೊತ್ತಿದ್ದಷ್ಟು ಹೇಳುತ್ತೇನೆ.


ದಾವಣಗೆರೆ_ಬೆಣ್ಣೆ:

ತಪ್ಪು ತಿಳಿಯಬೇಡಿ, ನಾನು ಊರಲ್ಲೇ ಇರುವವನು. ಬಡ ಕುಟುಂಬಕ್ಕೆ ಕಾರು ದಾನ ಅಂದರೆ ನಮಗೆ ತಲೆಗೆ ಹೋಗುವುದಿಲ್ಲ. ಇಲ್ಲಿ ಕಾರು ಇದ್ದರೆ ಅವರನ್ನು ಬಡವರು ಅಂತ ಯಾರೂ ಅನ್ನುವುದಿಲ್ಲ. ಪೆಟ್ರೋಲು, ಇನ್ಶೂರೆನ್ಸ್, ಟೈರು, ಅದನ್ನೆಲ್ಲ ಅವರು ಎಲ್ಲಿಂದ ತರುತ್ತಾರೆ? ಅದರ ಬದಲು ಬಸ್ ಪಾಸ್ ಕೊಡಬಹುದಲ್ವಾ? ನಿಜವಾಗಿ ತಿಳಿದುಕೊಳ್ಳಲು ಕೇಳುತ್ತಿದ್ದೇನೆ.


ಡೆಟ್ರಾಯಿಟ್_ಅಕ್ಕ:

ಒಳ್ಳೆ ಪ್ರಶ್ನೆ ತಮ್ಮಾ. ಇಲ್ಲಿಗೆ ಬಂದ ಹೊಸತರಲ್ಲಿ ನನಗೂ ಇದೇ ಆಶ್ಚರ್ಯ ಆಗಿತ್ತು. ಈಗ ನಾನು ಕಷ್ಟದಲ್ಲಿರುವ ಕುಟುಂಬಗಳ ಜೊತೆಗೇ ಕೆಲಸ ಮಾಡುತ್ತೇನೆ, ಹಾಗಾಗಿ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ.

ನ್ಯೂಯಾರ್ಕ್ ಥರದ ಕೆಲವು ಊರು ಬಿಟ್ಟರೆ ಅಮೆರಿಕ ಕಟ್ಟಿರುವುದೇ ಕಾರಿಗೆ. ಬಾಡಿಗೆ ಕಡಿಮೆ ಇರುವ ಮನೆ ಒಂದು ದಿಕ್ಕಿಗೆ, ಗೋಡೌನು, ಕಾರ್ಖಾನೆ, ವೃದ್ಧಾಶ್ರಮ ಇನ್ನೊಂದು ದಿಕ್ಕಿಗೆ. ಮಧ್ಯೆ ಹೈವೇ. ಬಸ್ ಇದ್ದರೂ ಗಂಟೆಗೊಂದು, ಭಾನುವಾರ ಎಷ್ಟೋ ಕಡೆ ಅದೂ ಇಲ್ಲ. ಬೆಳಿಗ್ಗೆ 5 ಗಂಟೆ ಶಿಫ್ಟಿಗೆ ಹೋಗುವವರಿಗೆ ಯಾವ ಬಸ್ಸು? ನಮ್ಮ ಡೆಟ್ರಾಯಿಟ್ ಸುತ್ತ ಇನ್ನೂ ವಿಚಿತ್ರ. ಉಪನಗರಗಳಲ್ಲಿ ಕೆಲವು ತಮಗೆ ಬಸ್ಸೇ ಬೇಡ ಅಂತ ಮತ ಹಾಕಿ ವರ್ಷಗಟ್ಟಲೆ ಹೊರಗೆ ಉಳಿದಿದ್ದವು. ಬಸ್ಸು ಗಡಿವರೆಗೆ ಬಂದು ನಿಲ್ಲುತ್ತಿತ್ತು, ಅಲ್ಲಿಂದ ಮುಂದೆ ನಡೆಯಬೇಕು. ಬಸ್ಸೇ ಹೋಗದ ಜಾಗಕ್ಕೆ ಬಸ್ ಪಾಸ್ ಕೊಟ್ಟು ಏನು ಮಾಡುವುದು ಹೇಳು.

2015ರಲ್ಲಿ ಇಲ್ಲಿನ ಪತ್ರಿಕೆಯಲ್ಲಿ ಒಂದು ಸುದ್ದಿ ಬಂದಿತ್ತು, ದೇಶವೆಲ್ಲಾ ಮಾತಾಡಿತು. 56 ವರ್ಷದ ಒಬ್ಬರು ಡೆಟ್ರಾಯಿಟ್‌ನಿಂದ ರಾಚೆಸ್ಟರ್ ಹಿಲ್ಸ್‌ನ ಕಾರ್ಖಾನೆಗೆ ಕೆಲಸಕ್ಕೆ ಹೋಗುತ್ತಿದ್ದರು. ಸ್ವಲ್ಪ ದೂರ ಬಸ್ಸು, ಉಳಿದದ್ದು ಕಾಲ್ನಡಿಗೆ. ಹೋಗಿ ಬರುವುದು ಸೇರಿ ದಿನಕ್ಕೆ ಸುಮಾರು 21 ಮೈಲಿ ನಡೆಯುತ್ತಿದ್ದರು, ಹಿಮ ಬೀಳಲಿ ಮಳೆ ಬರಲಿ. ಅವರ ಹಳೇ ಹೋಂಡಾ 2005ರಲ್ಲಿ ಕೆಟ್ಟು ನಿಂತ ಮೇಲೆ ಹತ್ತು ವರ್ಷ ಹೀಗೇ. ಸುದ್ದಿ ಓದಿದ ಒಬ್ಬ ಕಾಲೇಜು ಹುಡುಗ ಆನ್‌ಲೈನಿನಲ್ಲಿ ದುಡ್ಡು ಕೂಡಿಸಲು ಶುರು ಮಾಡಿದ, ಮೂರು ಲಕ್ಷ ಡಾಲರ್‌ಗಿಂತ ಜಾಸ್ತಿ ಬಂತು, ಒಬ್ಬ ಡೀಲರ್ ಹೊಸ ಫೋರ್ಡ್ ಟಾರಸ್ ಕೊಟ್ಟರು. ಎಲ್ಲರಿಗೂ ಖುಷಿ ಆಯಿತು. ಆದರೆ ಅವರಂತೆ ನಡೆಯುವವರು, ಯಾರದ್ದೋ ಕಾರಿಗೆ ಕಾಯುವವರು, ಪತ್ರಿಕೆಯಲ್ಲಿ ಬರದವರು ಎಷ್ಟೋ ಜನ ಇದ್ದಾರೆ. ಇಲ್ಲಿನ ಮನೆಗಳಲ್ಲಿ ನೂರಕ್ಕೆ ಸುಮಾರು 8ರಲ್ಲಿ ಕಾರೇ ಇಲ್ಲ. ಕಾರು ಇದೆ ಅಂತ ಬರೆಸಿದವರಲ್ಲೂ ಕೆಟ್ಟು ನಿಂತಿರುವವರು, ಗಂಡ ಹೆಂಡತಿ ಬೇರೆ ಬೇರೆ ಶಿಫ್ಟ್ ಇದ್ದು ಒಂದೇ ಕಾರಲ್ಲಿ ಒದ್ದಾಡುವವರು ಇರುತ್ತಾರೆ.

ಕಾರು ಬಂದ ಮೇಲೆ ಏನಾಗುತ್ತದೆ ಅಂತ ನಾನು ಹತ್ತಿರದಿಂದ ನೋಡಿದ್ದೇನೆ. ಮೊದಲು ಬದಲಾಗುವುದು ಮಕ್ಕಳ ದಿನ. ಡೇಕೇರ್ ಸಂಜೆ 6ಕ್ಕೆ ಮುಚ್ಚುತ್ತದೆ, ತಡವಾದರೆ ನಿಮಿಷದ ಲೆಕ್ಕದಲ್ಲಿ ದಂಡ ಹಾಕುವವರೂ ಇದ್ದಾರೆ. ಬಸ್ಸನ್ನೇ ನಂಬಿರುವ ತಾಯಿ ಆ ಭಯಕ್ಕೆ ಸಂಜೆ ಶಿಫ್ಟ್ ಬಿಟ್ಟುಬಿಡುತ್ತಾಳೆ, ಅಲ್ಲೇ ಸಂಬಳ ಕಡಿಮೆ ಆಗುತ್ತದೆ. ವೃದ್ಧರ ಮನೆಗೆ ಹೋಗಿ ನೋಡಿಕೊಳ್ಳುವ ಕೆಲಸ ಇಲ್ಲಿ ಬಹಳ ಹೆಂಗಸರಿಗೆ ಸಿಗುತ್ತದೆ, ಆದರೆ ಒಂದೇ ದಿನ ಮೂರ್ನಾಲ್ಕು ಮನೆ ಸುತ್ತಬೇಕು, ಕಾರಿಲ್ಲದವರನ್ನು ಕೆಲಸಕ್ಕೇ ತೆಗೆದುಕೊಳ್ಳುವುದಿಲ್ಲ. ಕಿಡ್ನಿ ತೊಂದರೆ ಇರುವವರು ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಹೋಗಬೇಕು. ಇನ್ನು ದಿನಸಿ. ಹತ್ತಿರದಲ್ಲಿ ಸಿಗುವುದು ಪೆಟ್ರೋಲ್ ಬಂಕಿನ ಅಂಗಡಿ, ಅಲ್ಲಿ ಚಿಪ್ಸು, ಸೋಡಾ. ತರಕಾರಿ ಬೇಕಾದರೆ ಕಾರು ಬೇಕು. ವಸತಿ ನೆರವು ಪಡೆದ ಕುಟುಂಬಗಳ ಬಗ್ಗೆ ಅರ್ಬನ್ ಇನ್‌ಸ್ಟಿಟ್ಯೂಟ್ ಅನ್ನುವ ಸಂಶೋಧನಾ ಸಂಸ್ಥೆ 2014ರಲ್ಲಿ ಒಂದು ಅಧ್ಯಯನ ಹೊರತಂದಿತು. ಕಾರು ಇದ್ದವರಿಗೆ ಕೆಲಸ ಸಿಗುವ, ಸಿಕ್ಕಿದ ಕೆಲಸ ಉಳಿಯುವ ಸಾಧ್ಯತೆ ಜಾಸ್ತಿ ಅಂತ ಅದರಲ್ಲಿ ಇದೆ. ನಮಗೆ ಕಣ್ಣಿಗೆ ಕಾಣುವುದೂ ಅದೇ.

ನೀನು ಕೇಳಿದ ಖರ್ಚಿನ ಮಾತು ಮಾತ್ರ ನೂರಕ್ಕೆ ನೂರು ನಿಜ. ಇನ್ಶೂರೆನ್ಸ್ ಇಲ್ಲಿ ದೊಡ್ಡ ಹೊರೆ, ಡೆಟ್ರಾಯಿಟ್‌ನಲ್ಲಂತೂ ಕೇಳಲೇಬೇಡ. ಹೆಚ್ಚಿನ ರಾಜ್ಯಗಳಲ್ಲಿ ಕ್ರೆಡಿಟ್ ಸ್ಕೋರ್ ಕಡಿಮೆ ಇದ್ದರೆ ಪ್ರೀಮಿಯಂ ಏರುತ್ತದೆ, ಅಂದರೆ ಬಡವರೇ ಜಾಸ್ತಿ ಕಟ್ಟಬೇಕು. ಇದು ನನಗೆ ಯಾವತ್ತೂ ಅನ್ಯಾಯ ಅನಿಸುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಅದಕ್ಕೆ ಅವಕಾಶ ಇಲ್ಲ, ಮೇಲಾಗಿ ಕಡಿಮೆ ಆದಾಯದವರಿಗೆ ಅಂತಲೇ ಕಡಿಮೆ ದರದ ಇನ್ಶೂರೆನ್ಸ್ ಯೋಜನೆ ಇದೆ. ಬೇರೆ ರಾಜ್ಯಗಳೂ ಹಾಗೆ ಮಾಡಬೇಕು. ಫುಡ್ ಸ್ಟ್ಯಾಂಪ್ (ಬಡವರಿಗೆ ಸರ್ಕಾರ ಕೊಡುವ ಆಹಾರದ ನೆರವು) ನಿಯಮದಲ್ಲೂ ಒಂದು ತೊಡಕಿತ್ತು. ಕಾರಿನ ಬೆಲೆ 4,650 ಡಾಲರ್ ದಾಟಿದರೆ ಮೇಲಿನದ್ದನ್ನು ಆಸ್ತಿ ಅಂತ ಲೆಕ್ಕ ಹಿಡಿಯುವ ನಿಯಮ ಅದು, ಆಸ್ತಿ ಜಾಸ್ತಿ ಆದರೆ ನೆರವು ತಪ್ಪುತ್ತಿತ್ತು. ಈಗ ಹೆಚ್ಚಿನ ರಾಜ್ಯಗಳು ಒಂದು ಕಾರನ್ನಾದರೂ ಬಿಟ್ಟುಬಿಡುತ್ತವೆ, ಆದರೂ ಕಾರು ತೆಗೆದುಕೊಳ್ಳುವ ಮೊದಲು ನೆರವಿನ ಫೈಲು ನೋಡಿಕೊಳ್ಳುವ ಕೇಸ್ ವರ್ಕರ್‌ನ ಕೇಳಿ ಅಂತ ನಾವು ಎಲ್ಲರಿಗೂ ಹೇಳುತ್ತೇವೆ.

ಈ ದಾನದ ಕಾರು ಸಿಗದಿದ್ದರೆ ಅವರು ಎಲ್ಲಿಗೆ ಹೋಗುತ್ತಾರೆ ಗೊತ್ತಾ? ಕ್ರೆಡಿಟ್ ನೋಡದೆ ಸಾಲ ಕೊಡುವ ಸೆಕೆಂಡ್ ಹ್ಯಾಂಡ್ ಅಂಗಡಿಗೆ. ಮಾರುವವನೂ ಅವನೇ, ಸಾಲ ಕೊಡುವವನೂ ಅವನೇ. ಬಡ್ಡಿ ಸಿಕ್ಕಾಪಟ್ಟೆ. ಕೆಲವರು ಕಾರಿನೊಳಗೆ ಒಂದು ಸಾಧನ ಇಟ್ಟಿರುತ್ತಾರೆ, ಕಂತು ತಪ್ಪಿದರೆ ದೂರದಿಂದಲೇ ಕಾರು ಸ್ಟಾರ್ಟ್ ಆಗದಂತೆ ಮಾಡುತ್ತಾರೆ. ಕಾರು ಹೋದರೆ ಕೆಲಸ ಹೋಯಿತು, ಕೆಲಸ ಹೋದರೂ ಸಾಲ ಹಾಗೇ ಇರುತ್ತದೆ. ಅದಕ್ಕೇ ಮೇರಿಲ್ಯಾಂಡ್‌ನ ಮೇಡಂ ಥರದವರು ಕೊಡುವ ಒಂದೊಂದು ಒಳ್ಳೆ ಕಾರಿಗೂ ಇಷ್ಟು ಬೆಲೆ.


ದಾವಣಗೆರೆ_ಬೆಣ್ಣೆ:

ಅಕ್ಕ, ಇಷ್ಟು ಬಿಡಿಸಿ ಹೇಳಿದ್ದಕ್ಕೆ ಥ್ಯಾಂಕ್ಸ್. ಈಗ ಅರ್ಥ ಆಯಿತು. ಇಲ್ಲಿ 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗ ನಮ್ಮ ಬೀದಿಯ ಹೆಂಗಸರು ದೂರದ ಕೆಲಸಕ್ಕೂ ಹೋಗಲು ಶುರು ಮಾಡಿದರು, ಟಿಕೆಟ್ ದುಡ್ಡು ಉಳಿಯುತ್ತದಲ್ಲ. ಬಸ್ಸು ಇರುವ ಊರಿಗೆ ಅದು, ಇಲ್ಲದ ಊರಿಗೆ ಇದು. ನಮ್ಮಲ್ಲೂ ಹಳೇ ಸ್ಕೂಟರ್, ಕಾರು ಕೆಲಸದವರಿಗೆ ಹಾಗೇ ಕೊಟ್ಟುಬಿಡುವವರು ಇದ್ದಾರೆ. ಅವರಿಗೆ ಒಂದು ಮಾತು, ಆರ್‌ಸಿ ತೆಗೆದುಕೊಳ್ಳುವವರ ಹೆಸರಿಗೆ ಬದಲಾಯಿಸದೆ ಕೀಲಿ ಕೊಡಬೇಡಿ. ಫಾರ್ಮ್ 29, 30 ತುಂಬಿ ಆರ್‌ಟಿಓಗೆ ಕೊಡಿ. ಅಪಘಾತ ಆದರೆ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಹೊಣೆ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ.


ಲೆಕ್ಕ_ಪತ್ರ:

ಟ್ಯಾಕ್ಸ್ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ, ಇದೇ ನನ್ನ ಕೆಲಸ.

ಮೊದಲು ಒಂದು ಕಾಲ ಇತ್ತು, ಕಾರು ದಾನ ಕೊಟ್ಟು ಹಳೇ ಕಾರುಗಳ ಬೆಲೆ ಪುಸ್ತಕದಲ್ಲಿರುವ ಬೆಲೆಯನ್ನು ಟ್ಯಾಕ್ಸ್ ಲೆಕ್ಕದಲ್ಲಿ ಹಾಗೇ ಬರೆದುಕೊಳ್ಳುತ್ತಿದ್ದರು. 2004ರ ಕಾನೂನು ಅದನ್ನು ನಿಲ್ಲಿಸಿತು, 2005ರಿಂದ ನಿಯಮ ಬಿಗಿಯಾಯಿತು. ಈಗ ಸಂಸ್ಥೆ ನಿಮ್ಮ ಕಾರನ್ನು ಹರಾಜಿನಲ್ಲಿ ಮಾರಿದರೆ, ಎಷ್ಟಕ್ಕೆ ಹೋಯಿತೋ ಅಷ್ಟೇ ನಿಮ್ಮ ಡಿಡಕ್ಷನ್ (ತೆರಿಗೆ ಹಾಕುವ ಆದಾಯದಿಂದ ಕಳೆಯುವ ಮೊತ್ತ). 500 ಡಾಲರ್‌ಗಿಂತ ಕಡಿಮೆಗೆ ಹೋದರೆ, 500 ಅಥವಾ ಮಾರುಕಟ್ಟೆ ಬೆಲೆ, ಯಾವುದು ಕಡಿಮೆಯೋ ಅದು. ಆದರೆ ಸಂಸ್ಥೆ ಕಾರನ್ನು ಕಷ್ಟದಲ್ಲಿರುವವರಿಗೆ ಉಚಿತವಾಗಿ ಅಥವಾ ಮಾರುಕಟ್ಟೆಗಿಂತ ತುಂಬಾ ಕಡಿಮೆ ಬೆಲೆಗೆ ಕೊಟ್ಟರೆ ನೀವು ಪೂರ್ತಿ ಮಾರುಕಟ್ಟೆ ಬೆಲೆ ತೋರಿಸಬಹುದು. ಕಾನೂನೇ ಕುಟುಂಬಕ್ಕೆ ಕಾರು ಕೊಡುವ ದಾರಿಗೆ ಒಲವು ತೋರಿಸಿದೆ, ಬಹಳ ಜನಕ್ಕೆ ಇದು ಗೊತ್ತಿಲ್ಲ.

ಇದನ್ನು ತಿಳಿಯಲು ಫಾರ್ಮ್ 1098-ಸಿ (ದಾನ ಕೊಟ್ಟ ವಾಹನಕ್ಕೆ ಸಂಸ್ಥೆ ಕೊಡುವ ತೆರಿಗೆ ಕಾಗದ) ನೋಡಿ. ಸಂಸ್ಥೆ ಅದನ್ನು ನಿಮಗೆ 30 ದಿನದೊಳಗೆ ಕೊಡಬೇಕು. 4ಸಿ ಬಾಕ್ಸ್‌ನಲ್ಲಿ ಮೊತ್ತ ಇದ್ದರೆ ಕಾರು ಮಾರಾಟ ಆಗಿದೆ ಅಂತ ಅರ್ಥ. 5ಬಿ ಬಾಕ್ಸ್ ಗುರುತು ಹಾಕಿದ್ದರೆ ಕಾರು ಅಗತ್ಯ ಇರುವವರಿಗೆ ಹೋಗುತ್ತದೆ ಅಂತ ಸಂಸ್ಥೆ ಬರೆದುಕೊಟ್ಟ ಹಾಗೆ. ಫೋನ್‌ನಲ್ಲೇ ಕೇಳಿ, ನನ್ನ ಕಾರಿಗೆ 5ಬಿ ಹಾಕಿಕೊಡುತ್ತೀರಾ ಅಂತ. ಆ ಒಂದು ಪ್ರಶ್ನೆಗೆ ಬರುವ ಉತ್ತರದಲ್ಲೇ ಎಲ್ಲ ತಿಳಿಯುತ್ತದೆ. ಮಾರುಕಟ್ಟೆ ಬೆಲೆ ತೋರಿಸುವಾಗ ಅದು 5,000 ಡಾಲರ್ ದಾಟಿದರೆ ಬರೆದುಕೊಟ್ಟ ಅಪ್ರೈಸಲ್ (ಪರಿಣಿತರು ಹಾಕಿದ ಬೆಲೆ ಅಂದಾಜು) ಬೇಕು. ತೆರಿಗೆ ರಿಟರ್ನ್ ಜೊತೆ ಫಾರ್ಮ್ 8283 ಕೂಡ ಸೇರಿಸಬೇಕು. ನಿಮ್ಮ ಕ್ಯಾಮ್ರಿ ಆ ಅಂಚಿನಲ್ಲಿ ಬರಬಹುದು, ನೋಡಿಕೊಳ್ಳಿ. ಸಂಸ್ಥೆಯ ಹೆಸರು ಅಮೆರಿಕದ ತೆರಿಗೆ ಇಲಾಖೆ ಐಆರ್‌ಎಸ್ ವೆಬ್‌ಸೈಟಿನ ಹುಡುಕಾಟದಲ್ಲಿ ಇದೆಯಾ ಅಂತಲೂ ನೋಡಿ.

ಇನ್ನೊಂದು ಮಾತು ನೇರವಾಗಿ ಹೇಳುತ್ತೇನೆ. ಇದೆಲ್ಲ ನೀವು ಐಟಮೈಸ್ ಮಾಡಿದರೆ, ಅಂದರೆ ಖರ್ಚು, ದಾನಗಳನ್ನು ಒಂದೊಂದಾಗಿ ತೋರಿಸಿದರೆ ಮಾತ್ರ. 2025ಕ್ಕೆ ಗಂಡ ಹೆಂಡತಿ ಜಂಟಿಯಾಗಿ ಫೈಲ್ ಮಾಡಿದರೆ ಸ್ಟ್ಯಾಂಡರ್ಡ್ ಡಿಡಕ್ಷನ್ (ಏನೂ ಬಿಡಿಸಿ ತೋರಿಸದೆ ಎಲ್ಲರಿಗೂ ಸಿಗುವ ಕಡಿತ) 31,500 ಡಾಲರ್. ಮನೆ ಸಾಲದ ಬಡ್ಡಿ, ರಾಜ್ಯದ ತೆರಿಗೆ, ದಾನ ಎಲ್ಲ ಸೇರಿ ಅದನ್ನು ದಾಟದಿದ್ದರೆ ಕಾರು ಕೊಟ್ಟಿದ್ದಕ್ಕೆ ಒಂದು ಡಾಲರ್ ಕೂಡ ತೆರಿಗೆ ಉಳಿಯುವುದಿಲ್ಲ. ಜಾಹೀರಾತಿನಲ್ಲಿ ಇದನ್ನು ಯಾರೂ ಹೇಳುವುದಿಲ್ಲ.


ಟೆಕ್ಸಾಸ್_ಹೆಗಡೆ:

ನನ್ನ ಅಭಿಪ್ರಾಯ ಬೇರೆ. ಇಷ್ಟೆಲ್ಲಾ ಯಾಕೆ? ಕಾರನ್ನು ನೇರವಾಗಿ ಯಾರಿಗಾದರೂ ಮಾರಿ, ಡೀಲರ್‌ಗಿಂತ ಜಾಸ್ತಿ ಸಿಗುತ್ತದೆ, ಆ ದುಡ್ಡನ್ನು ಒಳ್ಳೆ ಸಂಸ್ಥೆಗೆ ಚೆಕ್ ಬರೆಯಿರಿ. ಅವರಿಗೆ ಏನು ಬೇಕೋ ಅವರೇ ನೋಡಿಕೊಳ್ಳುತ್ತಾರೆ. ಇಲ್ಲದಿದ್ದರೆ ಆ ಆಫೀಸಿಗೆ ಬರುವ ಕ್ಲೀನಿಂಗ್ ಅಮ್ಮನಿಗೇ ಕೊಟ್ಟುಬಿಡಿ. ಮಧ್ಯೆ ಸಂಸ್ಥೆ ಯಾಕೆ ಬೇಕು?


ಲೆಕ್ಕ_ಪತ್ರ:

ಹೆಗಡೆಯವರ ಮೊದಲ ಮಾತಿಗೆ ಟ್ಯಾಕ್ಸ್ ಕಡೆಯಿಂದ ಬಲ ಇದೆ. 2026ರಿಂದ ಐಟಮೈಸ್ ಮಾಡದವರೂ ನಗದು ದಾನಕ್ಕೆ ಜಂಟಿ ಫೈಲಿಂಗ್‌ನಲ್ಲಿ 2,000 ಡಾಲರ್‌ವರೆಗೆ ಕಳೆಯಬಹುದು. ಕಾರಿಗೆ ಆ ಅನುಕೂಲ ಇಲ್ಲ. ಎರಡನೇ ಮಾತಿಗೆ, ವ್ಯಕ್ತಿಗೆ ನೇರವಾಗಿ ಕೊಟ್ಟರೆ ಡಿಡಕ್ಷನ್ ಇಲ್ಲವೇ ಇಲ್ಲ.


ಶನಿವಾರದ_ಗ್ಯಾರೇಜ್:

ಹೆಗಡೆ ಸರ್, ಲೆಕ್ಕದಲ್ಲಿ ನಿಮ್ಮ ಮಾತು ಸರಿ, ಆದರೆ ಗ್ಯಾರೇಜಿನಲ್ಲಿ ನಿಂತು ನೋಡಿದರೆ ಬೇರೆ ಕಾಣುತ್ತದೆ. ಸಂಸ್ಥೆಗೆ ಸಿಗದೇ ಇರುವುದು ದುಡ್ಡೊಂದೇ ಅಲ್ಲ, ನಂಬಬಹುದಾದ ಹಳೇ ಕಾರು. ಕೋವಿಡ್ ಆದಮೇಲೆ ಹಳೇ ಕಾರುಗಳ ಬೆಲೆ ಹೇಗೆ ಏರಿತು ನಿಮಗೇ ಗೊತ್ತು. ನಾಲ್ಕೈದು ಸಾವಿರ ಡಾಲರ್ ಹಿಡಿದುಕೊಂಡು ಹೋದರೆ ಯಾರು ಓಡಿಸಿದ್ದೋ, ಎಲ್ಲಿ ಗುದ್ದಿದ್ದೋ, ನೆರೆಯಲ್ಲಿ ಮುಳುಗಿದ್ದೋ ಗೊತ್ತಿಲ್ಲದ ಕಾರು ಸಿಗುತ್ತದೆ. ಒಂದೇ ಮನೆಯವರು ಮೊದಲಿನಿಂದ ಇಟ್ಟುಕೊಂಡು, ಟೈಮಿಗೆ ಆಯಿಲ್ ಬದಲಿಸಿದ ಕ್ಯಾಮ್ರಿ ಅಂದರೆ ಅದು ನಮಗೆ ಚೆಕ್‌ಗಿಂತ ದೊಡ್ಡದು.

ಕ್ಲೀನಿಂಗ್ ಕೆಲಸದ ಅಮ್ಮನಿಗೆ ನೇರವಾಗಿ ಕೊಡುವುದು ಒಳ್ಳೆ ಮನಸ್ಸು, ನಾನು ಬೇಡ ಅನ್ನುವುದಿಲ್ಲ. ಆದರೆ ಮೊದಲು ಅವರಿಗೆ ಬೇಕಾ ಅಂತ ಕೇಳಬೇಕು, ಲೈಸೆನ್ಸ್ ಇದೆಯಾ ನೋಡಬೇಕು. ಮೇರಿಲ್ಯಾಂಡ್‌ನಲ್ಲಿ ಹಳೇ ಕಾರು ಬೇರೆಯವರ ಹೆಸರಿಗೆ ಆಗಬೇಕಾದರೆ ಸೇಫ್ಟಿ ಇನ್‌ಸ್ಪೆಕ್ಷನ್ ಪಾಸಾಗಬೇಕು. ಬ್ರೇಕ್, ಬಾಲ್ ಜಾಯಿಂಟ್, ಟೈರು ಅಂತ ಅದರಲ್ಲಿ ಏನಾದರೂ ಬಂದರೆ ಸಾವಿರ ಡಾಲರ್ ಸುಲಭವಾಗಿ ಹೋಗುತ್ತದೆ. ಅದನ್ನು ಯಾರು ಕೊಡುತ್ತಾರೆ? ಸಂಸ್ಥೆಯ ಮೂಲಕ ಹೋದರೆ ಆ ರಿಪೇರಿಯೆಲ್ಲ ಆಗಿ ಕಾರು ಅವರ ಕೈಗೆ ಬರುತ್ತದೆ. ಅವರಿಗೆ ಆಸಕ್ತಿ ಇದ್ದರೆ ಹೆಸರು ಸೂಚಿಸುವ ಕಚೇರಿ ಎಲ್ಲಿದೆ ಅಂತ ತಿಳಿಸಿ ಮೇಡಂ, ನಿಮ್ಮ ಕಾರೇ ಸಿಗುತ್ತದೆ ಅಂತಿಲ್ಲ, ಬೇರೆ ಕಾರು ಸಿಕ್ಕರೂ ಅವರಿಗೆ ಒಳ್ಳೆಯದೇ.

ರಿಪೇರಿ ಎಷ್ಟು ದೊಡ್ಡ ವಿಷಯ ಅಂತ ಗೊತ್ತಾಗಲು ಮಿನಿಯಾಪೊಲಿಸ್‌ನ ಲಿಫ್ಟ್ ಗ್ಯಾರೇಜ್ ನೋಡಿ. ಚರ್ಚಿನಲ್ಲಿ ಸಮಾಜ ಸೇವೆ ಮಾಡುತ್ತಿದ್ದ ಕ್ಯಾಥಿ ಹೇಯಿಂಗ್ ಅನ್ನುವವರು, ಸಣ್ಣ ರಿಪೇರಿಗೆ ದುಡ್ಡಿಲ್ಲದೆ ಜನ ಕೆಲಸ, ಮನೆ ಕಳೆದುಕೊಳ್ಳುವುದನ್ನು ನೋಡಿ ನೋಡಿ, ತಾವೇ ಕಾಲೇಜಿಗೆ ಸೇರಿ ಮೆಕ್ಯಾನಿಕ್ ಕೆಲಸ ಕಲಿತು 2013ರಲ್ಲಿ ಅದನ್ನು ಶುರು ಮಾಡಿದರು. ಅಲ್ಲಿ ಕಡಿಮೆ ಆದಾಯದವರ ಕಾರನ್ನು ತೀರಾ ಕಡಿಮೆ ಮಜೂರಿಗೆ ರಿಪೇರಿ ಮಾಡಿಕೊಡುತ್ತಾರೆ. ಕಾರು ಕೊಡುವುದರಷ್ಟೇ ಕಾರು ಓಡುವಂತೆ ಇಡುವುದೂ ಮುಖ್ಯ.

ಇನ್ನು ಕೊಡುವ ಮೊದಲು ಏನು ಮಾಡಬೇಕು ಅಂತ ಕೇಳಿದ್ದಿರಿ. ದಯವಿಟ್ಟು ಎರಡನೇ ಕೀ ಹುಡುಕಿ ಕೊಡಿ. ಚಿಪ್ ಇರುವ ಕೀ ಹೊಸದಾಗಿ ಮಾಡಿಸಲು ಇಲ್ಲಿ ನೂರಾರು ಡಾಲರ್, ತೆಗೆದುಕೊಂಡವರು ಇರುವ ಒಂದನ್ನು ಕಳೆದರೆ ಅವತ್ತಿಗೆ ಕೆಲಸ ತಪ್ಪಿತು. ಸರ್ವಿಸ್ ರಸೀದಿಗಳು ಇದ್ದರೆ ಎಲ್ಲ ಒಂದು ಕವರ್‌ಗೆ ಹಾಕಿ ಕೊಡಿ, ಯಾವುದು ಯಾವಾಗ ಬದಲಾಯಿಸಿದ್ದು ಅಂತ ಗೊತ್ತಾದರೆ ನಮ್ಮ ಅರ್ಧ ತಲೆನೋವು ಕಡಿಮೆ. ಸ್ಪೇರ್ ಟೈರು, ಜಾಕು ಡಿಕ್ಕಿಯಲ್ಲೇ ಇರಲಿ. ಆಮೇಲೆ ಕಾರಿನ ವಿನ್ ನಂಬರ್ (ಕಾರಿನ ಗುರುತಿನ ಸಂಖ್ಯೆ) ಹಾಕಿ ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆ ಎನ್‌ಎಚ್‌ಟಿಎಸ್‌ಎ ವೆಬ್‌ಸೈಟಿನಲ್ಲಿ ರಿಕಾಲ್ (ದೋಷ ಸರಿ ಮಾಡಲು ಕಂಪನಿ ವಾಪಸ್ ಕರೆಯುವುದು) ಬಾಕಿ ಇದೆಯಾ ನೋಡಿ. ಟಕಾಟಾ ಕಂಪನಿಯ ಏರ್‌ಬ್ಯಾಗ್ ತೊಂದರೆಯಲ್ಲಿ ಕೋಟಿಗಟ್ಟಲೆ ಕಾರು ವಾಪಸ್ ಕರೆದಿದ್ದರು, ಆ ಕಾಲದ ಕಾರುಗಳಲ್ಲಿ ಇನ್ನೂ ಬದಲಾಯಿಸದೇ ಇರುವವು ಬರುತ್ತವೆ. ಡೀಲರ್ ಹತ್ತಿರ ಉಚಿತವಾಗಿ ಮಾಡುತ್ತಾರೆ, ನೀವೇ ಮಾಡಿಸಿ ಕೊಟ್ಟರೆ ಎಷ್ಟು ಉಪಕಾರ.

ಟೈರಿನ ಪಕ್ಕದಲ್ಲಿ ಡಾಟ್ (DOT) ಅಂತ ಇರುವ ಕಡೆ ಕೊನೆಯ ನಾಲ್ಕು ಅಂಕಿ ನೋಡಿ. 2319 ಅಂತ ಇದ್ದರೆ 2019ರ 23ನೇ ವಾರದ ಟೈರು. ಹಳತಾಗಿದ್ದರೆ ಸಂಸ್ಥೆಗೆ ಮೊದಲೇ ಹೇಳಿ, ಮುಚ್ಚಿಡಬೇಡಿ. ಚೆಕ್ ಎಂಜಿನ್ ಲೈಟ್ ಬಂದಿದ್ದರೂ ಹೇಳಿ. ಹಳೇ ಮಕ್ಕಳ ಸೀಟನ್ನು ಕಾರಿನ ಜೊತೆ ಸುಮ್ನೆ ಬಿಡಬೇಡಿ, ಅದಕ್ಕೂ ಎಕ್ಸ್‌ಪೈರಿ ತಾರೀಖು ಇರುತ್ತದೆ, ಹಿಂದೆ ಅಪಘಾತ ಆಗಿದ್ದರೆ ಬಳಸಬಾರದು. ಈ-ಝೀ ಪಾಸ್ (ಫಾಸ್ಟ್ಯಾಗ್ ಥರದ ಟೋಲ್ ಸಾಧನ) ತೆಗೆಯಿರಿ, ನಿಮ್ಮ ಫೋನಿನ ನಂಬರುಗಳು, ಗ್ಯಾರೇಜ್ ಬಾಗಿಲಿನ ಬಟನ್ ಎಲ್ಲ ಕಾರಿನ ಮೆಮೊರಿಯಿಂದ ಅಳಿಸಿ.

ದೊಡ್ಡ ಐಷಾರಾಮಿ ಕಾರು ಇಟ್ಟಿರುವವರು ಇದನ್ನು ಓದುತ್ತಿದ್ದರೆ ಅವರಿಗೂ ಒಂದು ಮಾತು. ಹಳೇ ಬಿಎಂಡಬ್ಲ್ಯು ಕುಟುಂಬಕ್ಕೆ ಕೊಟ್ಟರೆ ಒಂದು ರಿಪೇರಿಗೇ ಅವರ ತಿಂಗಳ ಬಾಡಿಗೆ ಹೋಗುತ್ತದೆ. ಅಂಥ ಕಾರನ್ನು ಸಂಸ್ಥೆ ಮಾರಿ, ಆ ದುಡ್ಡಲ್ಲಿ ಎರಡು ಮೂರು ಕೊರೊಲ್ಲಾ ರಿಪೇರಿ ಮಾಡುತ್ತದೆ. ಅದಕ್ಕೆ ಬೇಸರ ಮಾಡಿಕೊಳ್ಳಬೇಡಿ. ಮಿನಿವ್ಯಾನ್ ಇದ್ದರೆ ಮಾತ್ರ ಮೊದಲು ನಮಗೆ ಹೇಳಿ, ಮೂರು ನಾಲ್ಕು ಮಕ್ಕಳಿರುವ ಮನೆಗಳು ಕಾಯುತ್ತಲೇ ಇರುತ್ತವೆ, ಅದು ಬರುವುದೇ ಕಡಿಮೆ.


ತುಮಕೂರು_ಟು_ಮೇರಿಲ್ಯಾಂಡ್:

ಎಲ್ಲರಿಗೂ ತುಂಬಾ ತುಂಬಾ ಧನ್ಯವಾದ. ಯಜಮಾನರಿಗೂ ಓದಿ ಹೇಳಿದೆ. ನಾವು ಐಟಮೈಸ್ ಮಾಡುವುದಿಲ್ಲ, ಹಾಗಾಗಿ ಟ್ಯಾಕ್ಸ್ ಉಳಿಯುವುದಿಲ್ಲ, ಪರವಾಗಿಲ್ಲ. ಕಾರು ಕುಟುಂಬಕ್ಕೇ ಹೋಗಲಿ ಅಂತ ನಿರ್ಧಾರ ಮಾಡಿದೆವು. ಬಾಲ್ಟಿಮೋರ್ ಸಂಸ್ಥೆಗೆ ಸೋಮವಾರ ಫೋನ್ ಮಾಡುತ್ತೇನೆ. ಕ್ಲೀನಿಂಗ್‌ಗೆ ಬರುವವರ ಹತ್ತಿರ ಮಾತಾಡಿದೆ. ಅವರ ಹತ್ತಿರ ಲೈಸೆನ್ಸ್ ಇದೆ, ಹೆಸರು ಸೂಚಿಸುವ ಕಚೇರಿ ಯಾವುದು ಅಂತ ವಿಚಾರಿಸಿ ಅಂದರು, ನಾನೇ ಜೊತೆಗೆ ಹೋಗುತ್ತೇನೆ ಅಂದಿದ್ದೇನೆ.

ಎರಡು ಪ್ರಶ್ನೆ ಉಳಿದಿವೆ. ಕಾರು ತೆಗೆದುಕೊಂಡ ಕುಟುಂಬವನ್ನು ನಾವು ಭೇಟಿ ಮಾಡಬಹುದಾ? ಇನ್ನೊಂದು, ಟೈಟಲ್ (ಕಾರಿನ ಮಾಲೀಕತ್ವದ ಪತ್ರ) ತೆಗೆದು ನೋಡಿದರೆ ಅದರಲ್ಲಿ ಸಾಲ ಕೊಟ್ಟ ಬ್ಯಾಂಕಿನ ಹೆಸರು ಇನ್ನೂ ಇದೆ. ಸಾಲ ತೀರಿ ಎಷ್ಟೋ ವರ್ಷ ಆಯಿತು.


ಡೆಟ್ರಾಯಿಟ್_ಅಕ್ಕ:

ಭೇಟಿ ವಿಷಯ ಸಂಸ್ಥೆಗೆ ಬಿಟ್ಟುಬಿಡಿ. ಕೆಲವು ಕುಟುಂಬಗಳಿಗೆ ಖುಷಿ, ಅವರೇ ಕೇಳುತ್ತಾರೆ. ಕೆಲವರಿಗೆ ತಮ್ಮ ಕಷ್ಟ ಇನ್ನೊಬ್ಬರಿಗೆ ಗೊತ್ತಾಗುವುದು ಬೇಡ ಅನಿಸುತ್ತದೆ, ಅದೂ ನ್ಯಾಯವೇ. ಫೋಟೋ ಕೇಳಬೇಡಿ. ಆ ಅಮ್ಮನ ಜೊತೆ ಕಚೇರಿಗೆ ಹೋಗುವಾಗ ಅವರ ಸಂಬಳದ ಚೀಟಿ, ಲೈಸೆನ್ಸ್, ಬಾಡಿಗೆ ಪತ್ರ ತೆಗೆದುಕೊಂಡು ಬರಲು ಹೇಳಿ. ಫುಡ್ ಸ್ಟ್ಯಾಂಪ್ ಪಡೆಯುತ್ತಿದ್ದರೆ ಅದರ ಕಾಗದ ಕೂಡ.


ಶನಿವಾರದ_ಗ್ಯಾರೇಜ್:

ಬ್ಯಾಂಕಿನ ಹೆಸರು ಇರುವುದಕ್ಕೆ ಗಾಬರಿ ಬೇಡ. ಮೇರಿಲ್ಯಾಂಡ್‌ನಲ್ಲಿ ಟೈಟಲ್ ಮೇಲೆ ಸಾಲ ಕೊಟ್ಟವರ ಹೆಸರು ಹಾಗೇ ಉಳಿಯುತ್ತದೆ, ಸಾಲ ತೀರಿದಾಗ ಬ್ಯಾಂಕು ಬೇರೆ ಒಂದು ಲೀನ್ ರಿಲೀಸ್ (ಸಾಲ ತೀರಿದೆ, ಕಾರಿನ ಮೇಲೆ ಹಕ್ಕಿಲ್ಲ ಅನ್ನುವ) ಕಾಗದ ಕಳಿಸಿರುತ್ತದೆ. ಹಳೇ ಫೈಲುಗಳಲ್ಲಿ ಹುಡುಕಿ, ಟೈಟಲ್ ಜೊತೆ ಅದನ್ನೂ ಕೊಡಬೇಕು. ಸಿಗದಿದ್ದರೆ ಸೋಮವಾರ ಸಂಸ್ಥೆಗೆ ಫೋನ್ ಮಾಡುವ ಮೊದಲು ಬ್ಯಾಂಕಿಗೆ ಫೋನ್ ಮಾಡಿ, ನಕಲು ಬರಲು ಸಮಯ ಹಿಡಿಯುತ್ತದೆ. ಟೈಟಲ್‌ನಲ್ಲಿ ಇಬ್ಬರ ಹೆಸರಿದ್ದರೆ ಇಬ್ಬರೂ ಸಹಿ ಮಾಡಬೇಕು, ಕಾರು ಹೋಗುವ ದಿನ ಯಜಮಾನರು ಮನೆಯಲ್ಲಿ ಇರಲಿ. ನಂಬರ್ ಪ್ಲೇಟ್ ಬಿಚ್ಚಿ ಎಂವಿಎಗೆ (ಆರ್‌ಟಿಓ ಥರದ ಮೇರಿಲ್ಯಾಂಡ್ ಕಚೇರಿ) ವಾಪಸ್ ಕೊಟ್ಟು ರಸೀದಿ ತೆಗೆದುಕೊಂಡ ಮೇಲೆ ಮಾತ್ರ ಇನ್ಶೂರೆನ್ಸ್ ನಿಲ್ಲಿಸಿ, ಹಿಂದೆ ಮುಂದೆ ಆದರೆ ದಂಡ ಬೀಳುತ್ತದೆ.